ನಳದ ಕೆಲಸವೂ ಸ್ನಾನಗೃಹದ ಹೊಣೆಯೂ



ಕನ್ನಡ ನಾಡಿನ ಹಳೆಯ ಮನೆಗಳಲ್ಲಿ ಬಚ್ಚಲೆಂಬುದು ಹಿತ್ತಿಲ ಕಡೆಯ ಒಂದು ಮೂಲೆಯಾಗಿದ್ದಿತು. ಒಂದು ಕಡೆಗೆ ಒಲೆಯ ಮೇಲೆ ಹೂತ ತಾಮ್ರದ ಹಂಡೆ, ಅದರ ಮಗ್ಗುಲಿಗೆ ತಣ್ಣೀರಿನ ತೊಟ್ಟಿ, ಕೆಳಗೆ ಒಂದು ಹಾಸುಗಲ್ಲು. ಮಿಂದ ನೀರು ಮೋರಿಯಿಂದ ಹೊರಬಿದ್ದು ಬಾಳೆಯ ಬುಡಕ್ಕೋ ತೆಂಗಿನ ಬುಡಕ್ಕೋ ಹರಿದುಹೋಗುತ್ತಿದ್ದಿತು. ಇದಕ್ಕೆ ನಳದವನೂ ಬೇಕಿರಲಿಲ್ಲ, ನಕ್ಷೆಯೂ ಬೇಕಿರಲಿಲ್ಲ. ಕಲ್ಲನ್ನು ವಾಟವಾಗಿ, ಎಂದರೆ ನೀರು ತಾನಾಗಿ ಇಳಿದುಹೋಗುವ ಹಾಗೆ ತುಸು ಓರೆಯಾಗಿ, ಹಾಸಬಲ್ಲ ಒಬ್ಬ ಗವಂಡಿಯಿದ್ದರೆ ಸಾಕಾಗುತ್ತಿದ್ದಿತು. ನೀರು ಸೋರಿದರೂ ನೆಲಕ್ಕೇ ಸೋರುತ್ತಿದ್ದಿತು. ಆ ನೆಲದ ಕೆಳಗೆ ಮತ್ತೊಬ್ಬರ ಸಂಸಾರವಿರಲಿಲ್ಲ.

ಪಟ್ಟಣಗಳಿಗೆ ಕೊಳವೆಯ ನೀರು ಬಂದಂದಿನಿಂದ ಈ ಸ್ಥಿತಿಯು ಪಲ್ಲಟವಾಯಿತು. ಬೆಂಗಳೂರಿಗೆ ಹೆಸರಘಟ್ಟದ ಕೆರೆಯಿಂದ ಕೊಳವೆಯ ಮೂಲಕ ನೀರು ಬಂದುದು ೧೮೯೦ರ ದಶಕದಲ್ಲಿ. ತರುವಾಯ ಇತರ ಊರುಗಳಿಗೂ ಒಂದೊಂದಾಗಿ ನೀರಿನ ವ್ಯವಸ್ಥೆಯಾಯಿತು. ನೀರು ಮನೆಯೊಳಕ್ಕೆ ಬಂದ ಮೇಲೆ ಬಚ್ಚಲೂ ಶೌಚಗೃಹವೂ ಹಿತ್ತಿಲನ್ನು ಬಿಟ್ಟು ಒಳಕ್ಕೆ ಬಂದವು. ಮಲಗುವ ಕೋಣೆಯ ಮಗ್ಗುಲಿಗೆ ಬಂದವು. ಕಡೆಗೆ ಮಹಡಿಯನ್ನೂ ಏರಿದವು. ಇವೆರಡೂ ಸೇರಿದ ಒಂದು ಕೋಣೆಗೆ ಸ್ನಾನಗೃಹವೆಂದು ಹೆಸರಾಯಿತು. ನೀರನ್ನು ಒಳಕ್ಕೆ ತರುವುದೂ ಕೊಳೆಯನ್ನು ಹೊರಕ್ಕೆ ಸಾಗಿಸುವುದೂ ಯಾರ ಕೈಯಲ್ಲಿ ಸೇರಿತೋ ಅಂತಹ ನಳದ ಕೆಲಸಗಾರನೆಂಬ ಹೊಸ ಕಾಯಕದವನು ಊರೂರಿಗೆ ಹುಟ್ಟಿಕೊಂಡನು.

ಈ ಕೆಲಸಗಾರನ ಅಂಗಡಿಯು ಸಾಮಾನ್ಯವಾಗಿ ಸಣ್ಣದು. ತಾನೊಬ್ಬ, ಕೈಕೆಳಗೆ ಇಬ್ಬರು ಹುಡುಗರು, ಒಂದು ಮೋಟಾರು ಬೈಸಿಕಲ್ಲು, ಒಂದು ಚೀಲದ ತುಂಬ ಆಯುಧಗಳು. ಇಷ್ಟೇ ಆತನ ಬಂಡವಾಳ. ನಲ್ಲಿ ಸೋರಿದರೆ ಕರೆಯುತ್ತಾರೆ, ಮೋರಿ ಕಟ್ಟಿದರೆ ಕರೆಯುತ್ತಾರೆ, ಒಂದು ಗಂಟೆಯ ಕೆಲಸಕ್ಕೆ ಒಂದು ಗಂಟೆಯ ಕೂಲಿ ಕೊಡುತ್ತಾರೆ. ಹೀಗಿರಲು, ಇತ್ತೀಚಿನ ವರ್ಷಗಳಲ್ಲಿ ಆತನಿಗೆ ಮತ್ತೊಂದು ಬಗೆಯ ಕರೆ ಬರತೊಡಗಿದೆ. ಮೂವತ್ತು ನಾಲ್ವತ್ತು ವರ್ಷಗಳ ಹಿಂದೆ ಕಟ್ಟಿದ ಮನೆಗಳು ಈಗ ಮುಪ್ಪಿಗೆ ಬಂದಿವೆ. ಗೋಡೆಯೊಳಗಿನ ಸತುವಿನ ಲೇಪದ ಕಬ್ಬಿಣದ ಕೊಳವೆಗಳು ತುಕ್ಕು ಹಿಡಿದಿವೆ; ಕೊಳವೆ ಬಾವಿಯ ಗಡಸು ನೀರಿನಿಂದ ಅವುಗಳ ಒಳಮೈಗೆ ಸುಣ್ಣದ ಪೊರೆ ಕಟ್ಟಿ, ಹೆಬ್ಬೆರಳು ಹೋಗುತ್ತಿದ್ದ ದ್ವಾರದಲ್ಲಿ ಕಿರುಬೆರಳೂ ಹೋಗದಂತಾಗಿದೆ. ಕೆಳಮನೆಯ ಛತ್ತಿನಲ್ಲಿ ಹಳದಿಯ ಕಲೆ ಮೂಡಿದೆ. ಮನೆಯ ಹಿರಿಯರಿಗೆ ಕುಕ್ಕುರುಗಾಲಿನಲ್ಲಿ ಕೂಡ್ರಲು ಮೊಣಕಾಲು ಒಪ್ಪದು. ಆಗ ಮನೆಯ ಯಜಮಾನನು, “ಏನಪ್ಪಾ, ನಲ್ಲಿ ಬದಲಿಸುವವನು ನೀನೇ ಅಲ್ಲವೇ? ಪೂರ್ತಿ ಬಚ್ಚಲನ್ನೇ ಒಡೆದು ಹೊಸದಾಗಿ ನೀನೇ ಹಿಡಿದು ಮಾಡಿಕೊಡಪ್ಪಾ” ಎನ್ನುತ್ತಾನೆ.

ಈ ಮಾತಿಗೆ ಹೂಂಗುಟ್ಟುವುದು ಸುಲಭ. ಆದರೆ ಹೂಂಗುಟ್ಟಿದ ಗಳಿಗೆಯಿಂದ ಆತನ ಕಸುಬೇ ಬೇರೆಯಾಗುತ್ತದೆಂಬುದನ್ನು ಅನೇಕರು ಅರಿಯರು. ಸೋರುವ ನಲ್ಲಿಯನ್ನು ಸರಿಮಾಡಿದವನ ಕೆಲಸವು ಮನೆಯವರ ಕಣ್ಣಮುಂದೆಯೇ ಇರುತ್ತದೆ. ಸೋರುವುದು ನಿಂತಿತೋ ಇಲ್ಲವೋ ಎಂಬುದನ್ನು ಮಕ್ಕಳೂ ಹೇಳಬಲ್ಲರು. ಸ್ನಾನಗೃಹವನ್ನು ಹೊಸದಾಗಿ ಮಾಡಿದವನ ಕೆಲಸದಲ್ಲಿ ಮುಖ್ಯವಾದುದೆಲ್ಲವೂ ಟೈಲ್ಸಿನ ಕೆಳಗೆ ಮುಚ್ಚಿಹೋಗುತ್ತದೆ. ಕಾಣತಕ್ಕದ್ದು ಹೊಳಪು ಮಾತ್ರ. ಯಜಮಾನನು ಹಣ ಕೊಡುವುದು ಆ ಹೊಳಪನ್ನು ನೋಡಿ. ಆದರೆ ಆತನು ಕೊಂಡುಕೊಳ್ಳುವುದು ಮುಚ್ಚಿಹೋದುದರ ಹೊಣೆಯನ್ನು. ಆದಕಾರಣ ಈ ವಿಸ್ತರಣಕ್ಕೆ ಕೈಹಾಕುವವನು ಆಳು, ಹಣ, ಸಾಮಾನು, ಕರಾರು ಮೊದಲಾದ ಯಾವ ಪ್ರಶ್ನೆ ಬಂದರೂ ಅದನ್ನು ಈ ಒಂದು ಹೊಣೆಯ ಮೇಲಿಟ್ಟೇ ತೂಗಿ ನೋಡತಕ್ಕದ್ದು.

ನಳದ ಕೆಲಸದಿಂದ ಹೊರಟು ಇಡೀ ಸ್ನಾನಗೃಹದ ವ್ಯಾಪಾರಕ್ಕೆ ಬೆಳೆದವರು ಹೊಸಬರೇನಲ್ಲ. ಇಂಗ್ಲೆಂಡ್ ದೇಶದ ಥಾಮಸ್ ಕ್ರಾಪರ್ ಎಂಬಾತನ ಚರಿತ್ರೆಯು ಇದಕ್ಕೆ ಒಳ್ಳೆಯ ನಿದರ್ಶನವು. ಆತನು ಯಾರ್ಕ್‌ಷೈರಿನ ಥಾರ್ನ್ ಎಂಬ ಊರಿನಲ್ಲಿ ೧೮೩೬ರಲ್ಲಿ ಹುಟ್ಟಿದವನು. ಬಾಲ್ಯದಲ್ಲಿಯೇ ಲಂಡನ್ನಿನ ಚೆಲ್ಸಿ ಎಂಬ ಭಾಗಕ್ಕೆ ಹೋಗಿ, ೧೮೫೩ರಲ್ಲಿ, ನಳದ ಕೆಲಸದಲ್ಲಿ ಯಜಮಾನಿಕೆ ಪಡೆದಿದ್ದ ತನ್ನ ಅಣ್ಣನ ಬಳಿ ಶಿಷ್ಯನಾಗಿ ಸೇರಿದನು. ಶಿಷ್ಯತ್ವ ಮುಗಿದ ಮೇಲೆ ಕೆಲವು ವರ್ಷ ಕೂಲಿಯ ಕೆಲಸ ಮಾಡಿ, ೧೮೬೧ರಲ್ಲಿ ಸ್ವಂತ ಅಂಗಡಿ ತೆರೆದನು. ಆ ಕಾಲವು ಆತನಿಗೆ ಅನುಕೂಲವಾಗಿದ್ದಿತೆಂದೇ ಹೇಳಬೇಕು. ೧೮೫೮ರ ಬೇಸಗೆಯಲ್ಲಿ ಥೇಮ್ಸ್ ನದಿಯು ಊರಿನ ಹೊಲಸಿನಿಂದ ನಾರಿ, ದಡದಲ್ಲಿದ್ದ ಪಾರ್ಲಿಮೆಂಟಿನ ಸದಸ್ಯರೂ ಮೂಗು ಮುಚ್ಚಿಕೊಳ್ಳುವಂತಾಗಿದ್ದಿತು. ಅದರ ಫಲವಾಗಿ ಬ್ಯಾಜಲ್‌ಜೆಟ್ ಎಂಬ ಎಂಜಿನಿಯರನ ಮೇಲ್ವಿಚಾರಣೆಯಲ್ಲಿ ಲಂಡನ್ನಿನ ನೆಲದಡಿ ದೊಡ್ಡ ಚರಂಡಿಗಳಾದವು. ಬೀದಿಯಲ್ಲಿ ಚರಂಡಿಯಾದ ಮೇಲೆ ಮನೆಯಿಂದ ಅದಕ್ಕೆ ಕೊಳವೆ ಕೂಡಿಸುವವನು ಬೇಕಾದನು.

ಕ್ರಾಪರನೇ ನೀರಿನ ಶೌಚಾಸನವನ್ನು ಕಂಡುಹಿಡಿದನೆಂದು ಲೋಕದಲ್ಲಿ ಒಂದು ಮಾತು ಹರಡಿದೆ. ಅದು ನಿಜವಲ್ಲ. ೧೫೯೬ರಷ್ಟು ಹಿಂದೆಯೇ ಜಾನ್ ಹ್ಯಾರಿಂಗ್ಟನ್ ಎಂಬಾತನು ಅಂತಹದೊಂದನ್ನು ವರ್ಣಿಸಿದ್ದನು. ೧೭೭೫ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರದ ಕೆಲಸಗಾರನು ಕೊಳವೆಯನ್ನು ಬಾಗಿಸಿ ಅದರಲ್ಲಿ ನೀರು ನಿಲ್ಲಿಸಿ ದುರ್ವಾಸನೆಯನ್ನು ತಡೆಯುವ ಉಪಾಯಕ್ಕೆ ಪೇಟೆಂಟ್ ಪಡೆದನು. ಕ್ರಾಪರನು ಮಾಡಿದುದು ಸುಧಾರಣೆಗಳನ್ನು. ಆತನ ಅಂಗಡಿಯಲ್ಲಿ ಬಹುವಾಗಿ ಮಾರಾಟವಾದ, ನೀರು ಪೋಲಾಗದಂತೆ ತಡೆಯುವ ತೊಟ್ಟಿಯ ಪೇಟೆಂಟ್ ಕೂಡ ೧೮೯೮ರಲ್ಲಿ ಆಲ್ಬರ್ಟ್ ಗಿಬ್ಲಿನ್ ಎಂಬ ಇನ್ನೊಬ್ಬನ ಹೆಸರಿನಲ್ಲಿ ಆದುದು. ಹಾಗಾದರೆ ಆತನ ಹೆಚ್ಚಳವೇನು? ಎರಡು ಸಂಗತಿಗಳನ್ನು ಗಮನಿಸಬಹುದು. ಚೆಲ್ಸಿಯಲ್ಲಿ ಆತನು ಸ್ವಂತ ಕಾರ್ಖಾನೆಯನ್ನೂ ಹಿತ್ತಾಳೆಯ ಎರಕದ ಮನೆಯನ್ನೂ ಇಟ್ಟುಕೊಂಡಿದ್ದನು. ತಾನು ಕೂಡಿಸುವ ಸಾಮಾನು ಎಂತಹುದೆಂಬುದು ಆತನಿಗೆ ಗೊತ್ತಿರುತ್ತಿದ್ದಿತು. ಮತ್ತು ಸ್ನಾನದ ತೊಟ್ಟಿ, ಕೈತೊಳೆಯುವ ಬೋಗುಣಿ, ಶೌಚಾಸನ ಇವುಗಳನ್ನು ಗಿರಾಕಿಗಳು ಬಂದು ನೋಡಿ ಆರಿಸುವಂತೆ ಅಂಗಡಿಯಲ್ಲಿ ಬಹಿರಂಗವಾಗಿ ಇಟ್ಟನು. ಶೌಚದ ಹೆಸರೆತ್ತುವುದಕ್ಕೂ ನಾಚುತ್ತಿದ್ದ ಆ ಸಮಾಜದಲ್ಲಿ ಇದು ಸಣ್ಣ ಧೈರ್ಯವಲ್ಲ. ಹಿತ್ತಿಲ ಬಾಗಿಲಿನಿಂದ ಬಂದು ಹೋಗುತ್ತಿದ್ದ ಕೂಲಿಯವನ ಬಳಿಗೆ ಮನೆಯ ಯಜಮಾನರೇ ಬರುವಂತಾಯಿತು.

೧೮೮೦ರ ದಶಕದಲ್ಲಿ ಯುವರಾಜ ಎಡ್ವರ್ಡನ ಸ್ಯಾಂಡ್ರಿಂಗ್‌ಹ್ಯಾಮ್ ಅರಮನೆಯ ನಳ ಮತ್ತು ಶೌಚಗೃಹಗಳ ಕೆಲಸವು ಆತನಿಗೆ ದೊರೆಯಿತು. ರಾಜಮನೆತನದ ಸನ್ನದೂ ಬಂದಿತು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯೆಂಬ ದೇವಾಲಯದಲ್ಲಿ ಆತನ ಹೆಸರು ಕೆತ್ತಿದ ಚರಂಡಿಯ ಮುಚ್ಚಳಗಳನ್ನು ಇಂದಿಗೂ ಕಾಣಬಹುದು. ಹೊಣೆಯು ನೆಲದಡಿಯಲ್ಲಿದ್ದರೂ ಹೊಣೆಗಾರನ ಹೆಸರು ನೆಲದ ಮೇಲಿದೆ! ೧೯೦೪ರಲ್ಲಿ ವ್ಯಾಪಾರವನ್ನು ಅಣ್ಣನ ಮಗನಿಗೂ ಪಾಲುಗಾರನಿಗೂ ಒಪ್ಪಿಸಿ ಆತನು ನಿವೃತ್ತನಾದನು, ೧೯೧೦ರಲ್ಲಿ ತೀರಿಕೊಂಡನು. ಅಂಗಡಿಯು ೧೯೬೬ರಲ್ಲಿ ಪ್ರತಿಸ್ಪರ್ಧಿಗಳ ಕೈಗೆ ಮಾರಾಟವಾಗುವವರೆಗೂ ನಡೆಯಿತು. ಒಬ್ಬ ಶಿಷ್ಯನಿಂದ ಆರಂಭವಾದುದು ನೂರು ವರ್ಷ ಬಾಳಿತೆಂಬುದು ಸಾಮಾನ್ಯವಲ್ಲ.

ಇನ್ನು ಟೈಲ್ಸಿನ ಕೆಳಗಿನ ವಿಚಾರ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಏಕೆಂದರೆ ಕೆಡುಕೆಲ್ಲವೂ ಹುಟ್ಟುವುದು ಇಲ್ಲಿಯೇ. ಟೈಲ್ಸು ಹಾಕಿದ ಮೇಲೆ ನೀರು ಕೆಳಗಿಳಿಯದೆಂದು ಬಹುಜನರ ನಂಬಿಕೆ. ಟೈಲ್ಸಿನ ಮೈಯಿಂದ ನೀರು ಇಳಿಯುವುದಿಲ್ಲವೆಂಬುದು ದಿಟ. ಆದರೆ ಎರಡು ಟೈಲ್ಸುಗಳ ನಡುವಣ ಸಂದಿಯಿಂದ ದಿನವೂ ತುಸುತುಸು ಇಳಿಯುತ್ತದೆ. ಮಹಡಿಯ ಸ್ನಾನಗೃಹಗಳಲ್ಲಿ ಅನೇಕ ಕಡೆ ಛತ್ತನ್ನು ಸುಮಾರು ಒಂದು ಅಡಿ ತಗ್ಗಿಸಿ ಹಾಕಿರುತ್ತಾರೆ. ಆ ತಗ್ಗಿನಲ್ಲಿ ಕೊಳವೆಗಳನ್ನು ಮಲಗಿಸಿ, ಇಟ್ಟಿಗೆಯ ಚೂರುಗಳನ್ನು ತುಂಬಿ, ಮೇಲೆ ಗಚ್ಚು ಮಾಡಿ ಟೈಲ್ಸು ಕೂಡಿಸುತ್ತಾರೆ. ಸಂದಿಯಿಂದ ಇಳಿದ ನೀರು ಆ ಇಟ್ಟಿಗೆಯ ಚೂರುಗಳಲ್ಲಿ ಸೇರಿಕೊಳ್ಳುತ್ತದೆ. ಹೊರಗೆ ಹೋಗಲು ಅದಕ್ಕೆ ದಾರಿಯಿಲ್ಲ. ತಿಂಗಳುಗಟ್ಟಲೆ ತುಂಬಿ ತುಂಬಿ, ಕಡೆಗೊಮ್ಮೆ ಕೆಳಮನೆಯವರ ಛತ್ತಿನಲ್ಲಿ ಕಲೆಯಾಗಿ ಮೂಡುತ್ತದೆ, ಛತ್ತಿನೊಳಗಿನ ಕಬ್ಬಿಣಕ್ಕೆ ತುಕ್ಕು ತಾಗುತ್ತದೆ, ಗಿಲಾವು ಉದುರುತ್ತದೆ. ಆ ಹೊತ್ತಿಗೆ ಕೆಲಸ ಮಾಡಿದವನು ಹಣ ಪಡೆದು ಹೋಗಿ ವರ್ಷವಾಗಿರುತ್ತದೆ. ಮೇಲುಮನೆ ಕೆಳಮನೆಯವರಲ್ಲಿ ಮಾತು ನಿಂತಿರುತ್ತದೆ.

ಇದಕ್ಕೆ ಪ್ರತಿಕಾರವು ಗುಟ್ಟಿನದೇನೂ ಅಲ್ಲ. ತಗ್ಗಿನ ತಳಕ್ಕೂ ಪಕ್ಕಗಳಿಗೂ ಜಲನಿರೋಧಕ ಲೇಪವಾಗಬೇಕು. ತುಂಬಿದ ಮೇಲೆ ಗಚ್ಚಿನ ಮೇಲೆ ಮತ್ತೊಮ್ಮೆ ಆಗಬೇಕು. ಲೇಪವು ಗೋಡೆಯ ಮೇಲೆಯೂ ಒಂದಡಿಯಷ್ಟು, ಮೀಯುವ ಕಡೆಯಲ್ಲಿ ಆಳೆತ್ತರದವರೆಗೂ, ಏರಬೇಕು. ಕೊಳವೆಯು ಛತ್ತನ್ನೋ ಗೋಡೆಯನ್ನೋ ತೂರಿಹೋಗುವ ಸ್ಥಳವೇ ಎಲ್ಲಕ್ಕಿಂತ ದುರ್ಬಲವಾದುದು. ಅಲ್ಲಿ ಕೈ ತಡೆದು ಕೆಲಸ ಮಾಡಬೇಕು. ನೆಲದ ವಾಟವು ಐದು ಅಡಿಗೆ ಸುಮಾರು ಒಂದು ಅಂಗುಲವಿದ್ದರೆ ನೀರು ನಿಲ್ಲದೆ ಹೋಗುವುದು. ಮೋರಿಯ ಬಾಗುಕೊಳವೆಯಲ್ಲಿ ಎರಡು ಅಂಗುಲ ನೀರು ಸದಾ ನಿಂತಿರಬೇಕು; ಮೇಲೆ ಹೇಳಿದ ಕಮಿಂಗನ ಉಪಾಯವು ಇದೇ. ಶೌಚಾಸನದ ಕೊಳವೆಯು ಹೋಗುವ ದಾರಿಯಲ್ಲಿ ವಾಯು ಸಂಚಾರಕ್ಕೆ ಕೊಳವೆಯಿಲ್ಲದಿದ್ದರೆ ಹರಿವಿನ ಸೆಳೆತಕ್ಕೆ ಆ ನಿಂತ ನೀರೂ ಹೀರಿಹೋಗಿ ಮನೆಯೆಲ್ಲ ನಾರುವುದು.

ಇದಲ್ಲದೆ ಎರಡು ಪರೀಕ್ಷೆಗಳುಂಟು. ಗೋಡೆಯೊಳಗಿನ ನೀರಿನ ಕೊಳವೆಗಳನ್ನು ಗಿಲಾವಿನಿಂದ ಮುಚ್ಚುವ ಮುನ್ನ, ಕೈಪಂಪಿನಿಂದ ಒತ್ತಡವೇರಿಸಿ, ಮಾಪಕದ ಮುಳ್ಳು ಇಳಿಯುವುದೋ ಇಲ್ಲವೋ ಎಂದು ಕಾಯುವುದು ಒಂದು. ಜಲನಿರೋಧಕ ಲೇಪವಾದ ಮೇಲೆ, ಟೈಲ್ಸು ಹಾಕುವುದಕ್ಕೆ ಮುಂಚೆ, ಮೋರಿಯನ್ನು ಮುಚ್ಚಿ ನೆಲದ ಮೇಲೆ ನೀರು ಕಟ್ಟಿ ಎರಡು ದಿನ ಬಿಡುವುದು ಇನ್ನೊಂದು. ಈ ಎರಡು ದಿನಗಳಲ್ಲಿ ಕೆಲಸವೇನೂ ಕಾಣುವುದಿಲ್ಲ. ಮನೆಯವರು ಬೇರೆಯವರ ಮನೆಗೆ ಮೀಯಲು ಹೋಗುತ್ತಿರುತ್ತಾರೆ. “ನೀರು ನಿಲ್ಲಿಸಿ ಸುಮ್ಮನೆ ಕೂತಿದ್ದೀಯಲ್ಲಪ್ಪಾ” ಎಂದು ಮನೆಯ ಅಜ್ಜಿಯು ಆಡಿಕೊಳ್ಳುತ್ತಾಳೆ. ಟೈಲ್ಸಿನ ಕೆಲಸದವನು ಬೇರೆ ಊರಿನ ಕೆಲಸಕ್ಕೆ ಹೋಗುವೆನೆಂದು ಹೆದರಿಸುತ್ತಾನೆ. ಕೆಲಸಗಾರನು ಕೈಸೋಲುವುದು ಈ ಎರಡು ದಿನಗಳಲ್ಲಿಯೇ. ಮೊದಲ ಮಾತುಕತೆಯಲ್ಲಿಯೇ ಈ ದಿನಗಳನ್ನು ಲೆಕ್ಕಕ್ಕೆ ಹಿಡಿದು, ಯಜಮಾನನಿಗೆ ಬರೆದು ಕೊಟ್ಟು, ಕಾರಣವನ್ನೂ ತಿಳಿಸಿದವನಿಗೆ ಈ ಸಂಕಟವಿಲ್ಲ. ನೀರು ಕಟ್ಟಿದ ದಿನ ಕೆಳಮನೆಯವರನ್ನೂ ಕರೆದು ಅವರ ಛತ್ತನ್ನು ಒಟ್ಟಿಗೆ ನೋಡುವುದಾದರೆ ಇನ್ನೂ ಲೇಸು.

ಹಣದ ಮಾತು ಇದಕ್ಕಿಂತ ಸೂಕ್ಷ್ಮವಾದುದು. ಒಂದು ಸ್ನಾನಗೃಹದ ಕೆಲಸವನ್ನು ೨ ಲಕ್ಷ ರೂಪಾಯಿಗೆ ಒಪ್ಪಿಕೊಂಡನೆಂದು ಭಾವಿಸೋಣ. ಸಾಮಾನಿಗೆ ೧,೨೦,೦೦೦, ಕೂಲಿಗೆ ೫೦,೦೦೦, ಒಡೆದ ಕಲ್ಲುಮಣ್ಣಿನ ಸಾಗಾಟಕ್ಕೂ ಸಣ್ಣಪುಟ್ಟ ವೆಚ್ಚಕ್ಕೂ ೧೦,೦೦೦ ಎಂದು ಎಣಿಸಿದರೆ ಆತನಿಗೆ ಉಳಿಯತಕ್ಕದ್ದು ೨೦,೦೦೦. ಕಾಗದದ ಮೇಲೆ ಇದು ಸೊಗಸಾಗಿ ಕಾಣುತ್ತದೆ. ಆದರೆ ನೆಲವನ್ನು ಒಡೆದಾಗ ಒಳಗಿನ ಹಳೆಯ ಕೊಳವೆಯು ಸೀಳಿರುವುದು ಕಂಡು ೮,೦೦೦ ಹೆಚ್ಚಾಗಬಹುದು. ಟೈಲ್ಸು ಸಾಲದೆ, ಅದೇ ಬಣ್ಣದ್ದು ಸಿಕ್ಕದೆ, ೪,೦೦೦ ಹೋಗಬಹುದು. ಸಾಮಾನು ಬಾರದೆ ಆಳುಗಳು ಕುಳಿತ ದಿನಗಳ ಕೂಲಿ ೫,೦೦೦ ಆಗಬಹುದು. ಮೂರು ವಾರ ದುಡಿದವನಿಗೆ ಉಳಿದುದು ೩,೦೦೦! ನಲ್ಲಿ ರಿಪೇರಿಯಲ್ಲಿಯೇ ಇದಕ್ಕಿಂತ ಹೆಚ್ಚು ಸಿಗುತ್ತಿದ್ದಿತು. ಒಡೆಯುವುದಕ್ಕೆ ಮೊದಲು ಒಳಗಿರುವುದು ಯಾರಿಗೂ ಕಾಣದು. ಆದಕಾರಣ ಅಂದಾಜು ಪಟ್ಟಿಯಲ್ಲಿ, ಒಡೆದ ಮೇಲೆ ಕಂಡುಬಂದ ಕೆಟ್ಟ ಭಾಗಗಳಿಗೆ ಬೇರೆ ಲೆಕ್ಕವೆಂದು ಸ್ಪಷ್ಟವಾಗಿ ಬರೆದಿರತಕ್ಕದ್ದು. ಹಾಗೆ ಕಂಡ ದಿನವೇ ಯಜಮಾನನನ್ನು ಕರೆದು ತೋರಿಸಬೇಕು. ಮುಚ್ಚಿದ ಮೇಲೆ ಹೇಳಿದ ವೆಚ್ಚವನ್ನು ಯಾರೂ ನಂಬರು. ನಂಬದಿದ್ದರೆ ತಪ್ಪು ಅವರದಲ್ಲ.

ಇದಕ್ಕಿಂತ ದೊಡ್ಡ ಗಂಡಾಂತರವು ಮುಂಗಡದಲ್ಲಿದೆ. ಒಂದು ಮನೆಯ ಮುಂಗಡ ಕೈಗೆ ಬಂದಾಗ, ಹಿಂದಿನ ಮನೆಯ ಟೈಲ್ಸಿನ ಉದ್ರಿ ಬಾಕಿಯಿರುತ್ತದೆ. ಈ ಹಣದಿಂದ ಆ ಬಾಕಿಯನ್ನು ತೀರಿಸುತ್ತಾನೆ. ಈ ಮನೆಯ ಸಾಮಾನು ತರಲು ಮೂರನೆಯ ಮನೆಯ ಮುಂಗಡ ಬೇಕಾಗುತ್ತದೆ. ಅದಕ್ಕಾಗಿ, ಮಾಡಲು ಆಳಿಲ್ಲದಿದ್ದರೂ, ಮೂರನೆಯ ಕೆಲಸವನ್ನು ಒಪ್ಪುತ್ತಾನೆ. ಹೊರಗಿನಿಂದ ನೋಡುವವರಿಗೆ ವ್ಯಾಪಾರವು ಭರದಿಂದ ಬೆಳೆಯುವಂತೆ ತೋರುತ್ತದೆ. ಒಂದು ಮನೆಯ ಯಜಮಾನನು ಕಡೆಯ ಕಂತನ್ನು ತಡೆದನೆಂದರೆ ನಾಲ್ಕು ಮನೆಗಳ ಕೆಲಸ ಒಂದೇ ದಿನ ನಿಲ್ಲುತ್ತದೆ. ಒಡೆದ ಬಚ್ಚಲಿನೊಂದಿಗೆ ನಾಲ್ಕು ಸಂಸಾರಗಳು ಬೀದಿಗೆ ಬಿದ್ದಂತೆಯೇ ಸರಿ. ನಲ್ಲಿ ಕೆಲಸದಲ್ಲಿ ಇಪ್ಪತ್ತು ವರ್ಷ ಗಳಿಸಿದ ಹೆಸರು ಒಂದು ತಿಂಗಳಿನಲ್ಲಿ ಹೋಗುವುದು ಹೀಗೆಯೇ. ಪ್ರತಿಯೊಂದು ಮನೆಯ ಹಣಕ್ಕೂ ಬೇರೆ ಲೆಕ್ಕದ ಪುಸ್ತಕ, ಸಾಧ್ಯವಾದರೆ ಬ್ಯಾಂಕಿನಲ್ಲಿ ವ್ಯಾಪಾರಕ್ಕೇ ಬೇರೆ ಖಾತೆ, ಇವುಗಳನ್ನು ಇಟ್ಟುಕೊಳ್ಳದೆ ಎರಡನೆಯ ಮನೆಯ ಕೆಲಸವನ್ನು ಒಪ್ಪಿಕೊಳ್ಳಲೇಬಾರದು. ಕಂತುಗಳನ್ನು ಒಂದೊಂದು ಹಂತಕ್ಕೆ ಕಟ್ಟುವುದೂ ಒಳ್ಳೆಯದು: ಒಡೆಯುವುದಕ್ಕೆ ಇಷ್ಟು, ಕೊಳವೆಯ ಪರೀಕ್ಷೆ ಮುಗಿದಾಗ ಇಷ್ಟು, ನೀರು ಕಟ್ಟಿ ನೋಡಿದ ಮೇಲೆ ಇಷ್ಟು, ಟೈಲ್ಸಾದ ಮೇಲೆ ಇಷ್ಟು. ಆಗ ಯಜಮಾನನ ಹಣವೂ ಮುಂದೆ ಓಡದು, ಕೆಲಸಗಾರನ ಕೆಲಸವೂ ಹಿಂದೆ ಬೀಳದು.

ತೆರಿಗೆಯ ವಿಷಯದಲ್ಲಿಯೂ ಒಂದು ಸಂಗತಿ ತಿಳಿದಿರಬೇಕು. ೨೦೧೭ರಿಂದ ನಡೆಯುತ್ತಿರುವ ಸರಕು ಮತ್ತು ಸೇವಾ ತೆರಿಗೆಯ ಕಾನೂನಿನ ಪ್ರಕಾರ, ಕರ್ನಾಟಕದಲ್ಲಿ ಸೇವೆಯನ್ನು ಒದಗಿಸುವವನ ವರ್ಷದ ವಹಿವಾಟು ೨೦ ಲಕ್ಷ ರೂಪಾಯಿಗಳನ್ನು ಮೀರಿದರೆ ನೋಂದಣಿ ಮಾಡಿಸತಕ್ಕದ್ದು. ಕೂಲಿ ಮಾತ್ರ ಪಡೆಯುತ್ತಿದ್ದ ಸಣ್ಣ ಕೆಲಸಗಾರನು ಈ ಮೇರೆಯ ಹತ್ತಿರವೂ ಸುಳಿಯುತ್ತಿರಲಿಲ್ಲ. ಸಾಮಾನು ಸಹಿತ ಸ್ನಾನಗೃಹವನ್ನು ಗುತ್ತಿಗೆ ಹಿಡಿದಾಗ ಸಾಮಾನಿನ ಬೆಲೆಯೂ ಆತನ ವಹಿವಾಟಿನಲ್ಲಿ ಸೇರುತ್ತದೆ. ಎರಡೆರಡು ಲಕ್ಷದ ಹತ್ತು ಕೆಲಸಗಳಾದರೆ ೨೦ ಲಕ್ಷವಾಯಿತು. ಹನ್ನೊಂದನೆಯದು ಮೇರೆಯನ್ನು ದಾಟಿತು. ಲಾಭವು ಎರಡು ಲಕ್ಷವೂ ಇರಲಿಕ್ಕಿಲ್ಲ; ಕಾನೂನು ನೋಡುವುದು ವಹಿವಾಟನ್ನು. ಅಂದಾಜಿನಲ್ಲಿ ತೆರಿಗೆಯನ್ನು ಸೇರಿಸದೆ ಮಾತುಕೊಟ್ಟವನು ಅದನ್ನು ತನ್ನ ಗಂಟಿನಿಂದ ತೆರಬೇಕಾಗುತ್ತದೆ.

ಇದಕ್ಕೆ ಅಂಜಿ ಕೆಲವರು, ಸಾಮಾನನ್ನು ಮನೆಯವರೇ ತರಲಿ, ಕೂಲಿ ಮಾತ್ರ ತನಗಿರಲಿ ಎನ್ನುತ್ತಾರೆ. ಆರಂಭದಲ್ಲಿ ಇದು ವಿವೇಕದ ಮಾರ್ಗವೇ. ಬಂಡವಾಳವೂ ಬೇಡ, ಉದ್ರಿಯೂ ಬೇಡ. ಆದರೆ ಹೊಣೆಯು ಎರಡಾಗಿ ಒಡೆಯುತ್ತದೆ. ಗೋಡೆಯೊಳಗಿನ ಬೆರಕೆ ನಲ್ಲಿಯು ಆರು ತಿಂಗಳಿಗೆ ಸೋರಿದರೆ, ಸಾಮಾನು ಕೆಟ್ಟದೋ ಕೂಡಿಸಿದುದು ಕೆಟ್ಟದೋ ಎಂಬ ವಾದ ಹುಟ್ಟುತ್ತದೆ. ಕಾಣುವ ಸಾಮಾನು, ಎಂದರೆ ಟೈಲ್ಸು, ಕನ್ನಡಿ, ಬೋಗುಣಿ, ಮನೆಯವರು ತರಲಿ. ಮುಚ್ಚಿಹೋಗುವ ಸಾಮಾನು, ಎಂದರೆ ಕೊಳವೆ, ಅಂಟು, ಲೇಪ, ಗೋಡೆಯೊಳಗಿನ ನಲ್ಲಿಯ ಒಡಲು, ಕೆಲಸಗಾರನೇ ತರಲಿ ಎಂಬ ಏರ್ಪಾಡು ಇವೆರಡಕ್ಕಿಂತಲೂ ಮೇಲಾದುದೆಂದು ತೋರುತ್ತದೆ.

ಆಳುಗಳ ವಿಚಾರವಾಗಿ ಹೆಚ್ಚು ಹೇಳಬೇಕಾದುದಿಲ್ಲ. ಟೈಲ್ಸಿನವನು, ಗವಂಡಿ, ಬಡಗಿ, ವಿದ್ಯುತ್ತಿನವನು, ಇವರೆಲ್ಲರನ್ನೂ ಸಂಬಳಕ್ಕಿಟ್ಟುಕೊಳ್ಳುವ ಶಕ್ತಿ ಸಣ್ಣ ಅಂಗಡಿಗಿಲ್ಲ, ಇಡುವುದೂ ಬೇಡ. ಆದರೆ ಪ್ರತಿಯೊಂದು ಕೆಲಸಕ್ಕೂ ಹೊಸಬನನ್ನು ಹುಡುಕುವುದು ಕೂಡದು. ನೀರು ಬಿಸಿಮಾಡುವ ಗೀಜರಿನ ತಂತಿ ಕೆಲಸವನ್ನು ತಾನೇ ಮಾಡಿಬಿಡುವ ಚಪಲವು ನಳದವರಲ್ಲಿ ಬಹಳ. ಅದು ಪ್ರಾಣದ ಮಾತು. ಭೂಮಿಗೆ ತಂತಿ ಇಳಿಸಿ, ೩೦ ಮಿಲಿ ಆಂಪಿಯರಿನಷ್ಟು ವಿದ್ಯುತ್ತು ಸೋರಿದರೂ ಕಡಿದುಬೀಳುವ ರಕ್ಷಕವನ್ನು ಕೂಡಿಸಿ ಕೊಡಬಲ್ಲ ಪರವಾನಗಿಯುಳ್ಳವನೇ ಅದನ್ನು ಮಾಡತಕ್ಕದ್ದು.

ಇನ್ನೊಂದು ಪ್ರಾಣದ ಮಾತಿದೆ. ಸ್ನಾನಗೃಹವನ್ನು ಒಡೆದಾಗ ಅನೇಕ ಮನೆಗಳಲ್ಲಿ, “ಹೇಗೂ ಕೆಲಸ ನಡೆದಿದೆ, ಹಿಂದಿನ ಮಲಗುಂಡಿಯನ್ನೂ ಯಾರನ್ನಾದರೂ ಇಳಿಸಿ ಬಳಿಸಿಬಿಡು” ಎನ್ನುವುದುಂಟು. ಮುಚ್ಚಿದ ಗುಂಡಿಯಲ್ಲಿ ಸೇರಿದ ವಿಷವಾಯುವು ಇಳಿದವನನ್ನು ಕ್ಷಣದಲ್ಲಿ ಮೂರ್ಛೆಗೊಳಿಸುತ್ತದೆ. ಎತ್ತಲು ಇಳಿದ ಎರಡನೆಯವನೂ ಏಳುವುದಿಲ್ಲ. ರಕ್ಷಣೆಯ ಸಾಧನಗಳಿಲ್ಲದೆ ಮನುಷ್ಯನನ್ನು ಚರಂಡಿಗೋ ಗುಂಡಿಗೋ ಇಳಿಸುವುದನ್ನು ೨೦೧೩ರ ಕಾನೂನು ನಿಷೇಧಿಸಿದೆ, ಇಳಿಸಿದವನಿಗೆ ಸೆರೆಮನೆಯುಂಟು. ಕಾನೂನಿರಲಿ ಬಿಡಲಿ, ನೂರು ರೂಪಾಯಿ ಹೆಚ್ಚು ಕೊಟ್ಟರೆ ಇಳಿಯಲು ಒಪ್ಪುವವನ ಬಡತನವನ್ನು ತನ್ನ ವ್ಯಾಪಾರದ ಬಂಡವಾಳ ಮಾಡಿಕೊಂಡವನು ಯಾವ ಸ್ನಾನಗೃಹ ಕಟ್ಟಿಯೂ ಶುಚಿಯಾಗನು. ಯಂತ್ರದ ಗಾಡಿಯನ್ನು ಕರೆಯಿಸಬೇಕು, ಇಲ್ಲವೆ ಆ ಕೆಲಸವನ್ನು ಖಂಡಿತವಾಗಿ ನಿರಾಕರಿಸಬೇಕು.

ಯಾವ ಕೆಲಸದಿಂದ ಆರಂಭಿಸಬೇಕೆಂದು ಕೇಳುವವರಿಗೆ, ಹಿರಿಯರಿರುವ ಮನೆಗಳ ಸಣ್ಣ ಬಚ್ಚಲುಗಳೇ ಒಳ್ಳೆಯ ಪಾಠಶಾಲೆ. ಐದಡಿ ಅಗಲ ಎಂಟಡಿ ಉದ್ದದ ಕೋಣೆ. ಹಳೆಯ ನೆಲದ ಶೌಚಾಸನವನ್ನು ತೆಗೆದು ಕುರ್ಚಿಯಂತೆ ಕೂಡ್ರುವುದನ್ನು ಇಡಬೇಕು. ನುಣುಪಾದ ಟೈಲ್ಸನ್ನು ತೆಗೆದು ಕಾಲು ಜಾರದ ಒರಟು ಟೈಲ್ಸನ್ನು ಹಾಕಬೇಕು. ಹಿಡಿದು ಏಳುವುದಕ್ಕೆ ನೆಲದಿಂದ ಸುಮಾರು ೩೩ರಿಂದ ೩೬ ಅಂಗುಲದ ಎತ್ತರದಲ್ಲಿ ಗೋಡೆಗೆ ಹಿಡಿಕಂಬಿ ಬೇಕು. ಕಂಬಿಯು ಮನುಷ್ಯನ ಪೂರ್ತಿ ಭಾರವನ್ನು ತಾಳಬೇಕಾದುದರಿಂದ, ಬರಿಯ ಗಿಲಾವಿಗೆ ಮೊಳೆ ಹೊಡೆದರಾಗದು. ಒಳಗಿನ ಇಟ್ಟಿಗೆಯನ್ನು ಹಿಡಿಯುವಷ್ಟು ಆಳದ ತಿರುಪು ಇರಬೇಕು. ಬಾಗಿಲು ಹೊರಕ್ಕೆ ತೆರೆಯುವಂತಿದ್ದರೆ, ಒಳಗೆ ಬಿದ್ದವರನ್ನು ಎತ್ತುವುದಕ್ಕೆ ದಾರಿಯಿರುತ್ತದೆ. ಒಳಕ್ಕೆ ತೆರೆದರೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡವಾಗುವುದು. ಹೊಸ್ತಿಲಿನ ಎತ್ತರವನ್ನು ತಗ್ಗಿಸಬೇಕು. ರಾತ್ರಿಯ ದೀಪದ ಗುಂಡಿಯು ಬಾಗಿಲಿನ ಹೊರಗೆ ಕೈಗೆಟುಕುವಂತಿರಬೇಕು. ಇಂತಹ ಕೆಲಸದಲ್ಲಿ ವೆಚ್ಚವು ಕಡಿಮೆ, ದಿನಗಳೂ ಕಡಿಮೆ, ಉಪಕಾರವು ಹೆಚ್ಚು. ಅಮೃತಶಿಲೆಯ ಹೊಳಪನ್ನು ಕೇಳುವ ಸಿರಿವಂತರ ಮನೆಗೆ ಮೊದಲೇ ಹೋಗಿ ಕೈಸುಟ್ಟುಕೊಳ್ಳುವುದಕ್ಕಿಂತ, ಇಂತಹ ಹತ್ತು ಮನೆಗಳನ್ನು ಮುಗಿಸಿ, ಒಂದು ವರ್ಷ ಮಳೆ ಬಿಸಿಲು ಕಳೆದು, ಆ ಹತ್ತೂ ಮನೆಗಳಿಗೆ ಕರೆಯದೆಯೇ ಹೋಗಿ ಸೋರಿಕೆಯಿದೆಯೋ ಎಂದು ನೋಡಿ ಬಂದವನಿಗೆ ತನ್ನ ಕೈಗುಣವು ತನಗೇ ತಿಳಿಯುತ್ತದೆ.

ಒಮ್ಮೆಗೆ ಎಷ್ಟು ಮನೆಗಳನ್ನು ಹಿಡಿಯಬಹುದೆಂಬುದಕ್ಕೂ ಇಲ್ಲಿಯೇ ಉತ್ತರವಿದೆ. ಕೊಳವೆ ಮುಚ್ಚುವ ದಿನವೂ ನೀರು ಕಟ್ಟುವ ದಿನವೂ ಯಜಮಾನನಾದವನು ಸ್ವತಃ ನಿಂತು ನೋಡಲು ಎಷ್ಟು ಮನೆಗಳಿಗೆ ಸಾಧ್ಯವೋ ಅಷ್ಟು. ಹಲವರಿಗೆ ಅದು ಎರಡು, ಕೆಲವರಿಗೆ ಮೂರು. ಮಗನೋ ತಮ್ಮನೋ ಅಷ್ಟೇ ಕಟ್ಟುನಿಟ್ಟಾಗಿ ನಿಲ್ಲಬಲ್ಲವನಾದ ಮೇಲೆ ಇನ್ನೆರಡು.

ಕಡೆಯದಾಗಿ ಒಂದು ಸಣ್ಣ ಪದ್ಧತಿಯನ್ನು ಹೇಳುವುದುಂಟು. ಗೋಡೆ ನೆಲಗಳನ್ನು ಮುಚ್ಚುವ ಮುನ್ನ, ಪ್ರತಿಯೊಂದು ಗೋಡೆಯ ಮೇಲೂ ಅಳತೆಯ ಪಟ್ಟಿಯನ್ನು ಹಿಡಿದು ಚಿತ್ರ ತೆಗೆಯಬೇಕು. ಈಗ ಪ್ರತಿಯೊಬ್ಬನ ಕಿಸೆಯಲ್ಲಿರುವ ದೂರವಾಣಿಯಿಂದಲೇ ಅದು ಸಾಧ್ಯ. ನೆಲದಿಂದ ಎಷ್ಟು ಅಂಗುಲ, ಮೂಲೆಯಿಂದ ಎಷ್ಟು ಅಂಗುಲ ಎಂದು ಬರೆದ ಒಂದು ಹಾಳೆಯ ನಕ್ಷೆಯನ್ನು ಮಾಡಿ, ಅದರ ಮೇಲೆ ಪರೀಕ್ಷೆಗಳಾದ ತಾರೀಖು, ಲೇಪದ ಹೆಸರು, ಕೊಳವೆಯ ಅಳತೆ ಇವುಗಳನ್ನು ನಮೂದಿಸಿ, ಅಂಗಡಿಯ ಹೆಸರು ಬರೆದು ರುಜು ಹಾಕಿ, ಒಂದು ಪ್ರತಿಯನ್ನು ಮನೆಯವರಿಗೂ ಒಂದನ್ನು ಅಂಗಡಿಯ ಕಡತಕ್ಕೂ ಸೇರಿಸಬೇಕು. ಮನೆಯವರ ಪ್ರತಿಯನ್ನು ಅವರ ಮನೆಪತ್ರಗಳ ಜೊತೆಗೇ ಇಡುವಂತೆ ಹೇಳಬೇಕು. ಐದು ವರ್ಷದ ತರುವಾಯ ಕನ್ನಡಿ ತೂಗಹಾಕಲು ಯಾರಾದರೂ ಗೋಡೆಗೆ ರಂಧ್ರ ಕೊರೆಯುವುದಾದರೆ, ಮೊದಲು ಆ ಹಾಳೆಯನ್ನು ತೆಗೆದು ನೋಡಲಿ.